ಹೂಂಗುಟ್ಟುವ ಉದ್ಯೋಗ

ನನಗೊಂದು ಚಟವಿದೆ. ಸಿಗರೇಟಲ್ಲ, ಎಲೆಯಡಿಕೆಯಲ್ಲ, ಅಂಥದ್ದಾಗಿದ್ದರೆ ಬಿಡಿಸಲು ಡಾಕ್ಟರುಗಳಿದ್ದಾರೆ, ಬೈಯಲು ನೆಂಟರಿದ್ದಾರೆ. ನನ್ನದು ಹೂಂಗುಟ್ಟುವ ಚಟ. ಯಾರಾದರೂ ಎರಡು ವಾಕ್ಯ ಹೇಳಿ ಉಸಿರು ತೆಗೆದುಕೊಂಡರೆ ಸಾಕು, ಆ ಸಂದಿನಲ್ಲಿ ನನ್ನ ಬಾಯಿಂದ ಒಂದು 'ಹೂಂ' ಜಾರಿ ಬೀಳುತ್ತದೆ. ಮೊನ್ನೆ ಮಾಂಬಲಂ ಸ್ಟೇಷನ್ನಿನಲ್ಲಿ ನಿಂತಿದ್ದೆ. ತಾಂಬರಂ ಕಡೆಯ ಗಾಡಿ ಇನ್ನು ಕೆಲವೇ ನಿಮಿಷಗಳಲ್ಲಿ ಬರುತ್ತದೆ ಎಂದು ಮೈಕಿನೊಳಗಿನ ಹೆಂಗಸು ಹೇಳಿದಳು. 'ಹೂಂ' ಅಂದೆ. ಎರಡನೆಯ ಪ್ಲಾಟ್‌ಫಾರಂಗೆ ಬರುತ್ತದೆ ಅಂದಳು. 'ಹೂಂ' ಅಂದೆ. ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದಾಕೆ ನನ್ನನ್ನು ಒಮ್ಮೆ ನೋಡಿ ಬುಟ್ಟಿಯನ್ನು ಎರಡು ಮೊಳ ಆಚೆ ಎಳೆದುಕೊಂಡಳು.

ಒಂದು ಸಲ ಫೋನಿನಲ್ಲಿ ಯಾರೋ ಸೈಟು ಮಾರುವವನು ಸಿಕ್ಕಿದ. ಪಾಪ, ಅವನ ಜೀವಮಾನದಲ್ಲಿ ಯಾರೂ ಅವನ ಮಾತನ್ನು ಕೊನೆಯವರೆಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ನಾನು ಅರ್ಧ ಗಂಟೆ ಹೂಂಗುಟ್ಟಿದೆ. ಮಾರನೆಯ ದಿನ ಬೆಳಿಗ್ಗೆ ಸೈಟು ತೋರಿಸಲು ಮನೆ ಬಾಗಿಲಿಗೆ ಕಾರೇ ಬಂತು. ಬೇಡ ಅನ್ನಲು ನಾಚಿಕೆಯಾಗಿ ಹತ್ತಿ ಕೂತೆ. ಹೋಗುವಾಗಲೂ ಬರುವಾಗಲೂ ಹೂಂ ಅಂದೆ. ಆ ಮನುಷ್ಯ ಈಗಲೂ ಹಬ್ಬಕ್ಕೆ ಶುಭಾಶಯ ಕಳಿಸುತ್ತಾನೆ.

ಆದರೆ ನೀವು ನಗಬೇಡಿ. ಲೋಕದಲ್ಲಿ ಎಷ್ಟೋ ಜನ ತಮ್ಮ ಚಟದಿಂದ ಹಾಳಾಗಿದ್ದಾರೆ. ಚಟದಿಂದಲೇ ಹೊಟ್ಟೆ ಹೊರೆಯುವವರು ಅಪರೂಪ. ನಾನು ಅಪರೂಪದವನು. ವಡಪಳನಿಯ ಒಂದು ಡಬ್ಬಿಂಗ್ ಥಿಯೇಟರಿನಲ್ಲಿ ನನಗೆ ಕೆಲಸ. ತಮಿಳು ಸೀರಿಯಲ್ಲುಗಳಿಗೆ ಅಲ್ಲಿ ಕನ್ನಡದ ಮಾತು ತುಂಬುತ್ತಾರೆ. ನಾಯಕನಿಗೆ ಒಬ್ಬ ಗಂಭೀರ ಕಂಠದವನು, ಖಳನಾಯಕಿಗೆ ಒಬ್ಬಳು ಸಾಧು ಹೆಂಗಸು. ಉಳಿದದ್ದೆಲ್ಲ ನನ್ನ ಪಾಲು: ಕೆಮ್ಮು, ನಿಟ್ಟುಸಿರು, ಮದುವೆ ಮನೆಯ ಗದ್ದಲ, ಫೋನಿನ ಆ ತುದಿಯಿಂದ ಕೇಳಿಸುವ ಹೂಂ. ಗಾಜಿನ ಆಚೆ ಕೂತ ಸೌಂಡ್ ಎಂಜಿನಿಯರು ಹೆಡ್‌ಫೋನು ಸರಿಮಾಡಿಕೊಳ್ಳುತ್ತಾ, "ತಂಬಿ, ಇಂದ ಹೂಂಲ ದುಃಖಂ ಪತ್ತಲೆ," ಅನ್ನುತ್ತಾನೆ. ಈ ಹೂಂನಲ್ಲಿ ದುಃಖ ಸಾಲದಂತೆ! ನಾನು ಇನ್ನೊಂದಿಷ್ಟು ದುಃಖ ಬೆರೆಸಿ ಮತ್ತೊಮ್ಮೆ ಹೂಂ ಅನ್ನುತ್ತೇನೆ.

ಒಮ್ಮೆ ಒಂದು ಅನಾಹುತವೂ ಆಯಿತು. ನಾಯಕಿಯ ತಂದೆ ತೀರಿಕೊಂಡು ನಡುಮನೆಯಲ್ಲಿ ಮಲಗಿದ್ದಾನೆ; ಸುತ್ತ ಅಳು. ಡೈರೆಕ್ಟರು ನನ್ನ ಕಿವಿಯೊಳಗೆ, "ಇಲ್ಲಿ ಯಾರೂ ಸದ್ದು ಮಾಡಬಾರದು, ಗೊತ್ತಾಯಿತಾ?" ಅಂದರು. ನಾನು ವಿನಯದಿಂದ, "ಹೂಂ" ಅಂದೆ. ಮೈಕು ತೆರೆದಿತ್ತು. ಆ ಹೂಂ ನೇರವಾಗಿ ಹೆಣದ ಬಾಯಿಗೆ ಹೋಗಿ ಕೂತಿತು, ಯಾರ ಕಣ್ಣಿಗೂ ಕಿವಿಗೂ ಬೀಳದೆ ಪ್ರಸಾರವೂ ಆಯಿತು. ಆ ದಿನ ಟೀವಿ ಮುಂದೆ ಬೀನ್ಸು ಸೋಸುತ್ತಾ ಕೂತಿದ್ದ ಅಮ್ಮ ಕಣ್ಣೊರೆಸಿಕೊಂಡು, "ಪಾಪ ಕಣೋ, ಇನ್ನೂ ಜೀವ ಇದೆ, ಯಾರೂ ಗಮನಿಸ್ತಿಲ್ಲ," ಅಂದಳು.

ಈ ಚಟ ಹತ್ತಿಸಿದವಳು ನನ್ನ ಸೋದರತ್ತೆ ಪದ್ಮಾವತಿ. ನಮಗೆ ಪದ್ದತ್ತೆ. ಅಪ್ಪನ ಅಕ್ಕ. ವೆಸ್ಟ್ ಮಾಂಬಲಂನ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಪೂಜೆಯ ಕಪಾಟು, ಅದರ ಮುಂದಿನ ಚಾಪೆ, ಮತ್ತು ಎಲ್ಲರ ಮೇಲಿನ ಅಧಿಕಾರ, ಈ ಮೂರೂ ಅತ್ತೆಯದು. ನಮ್ಮ ಮುತ್ತಜ್ಜ ಮದರಾಸಿಗೆ ಬಂದು ನೆಲೆಸಿದವನು. ಆಮೇಲಿನ ಪ್ರತಿ ತಲೆಮಾರೂ ಕನ್ನಡಕ್ಕೆ ಒಂದೊಂದು ಸೌಟು ತಮಿಳು ಬೆರೆಸುತ್ತಾ ಬಂದು, ನನ್ನ ಕಾಲಕ್ಕೆ ಅದು ಬಿಸಿಬೇಳೆಭಾತಿನ ಹದಕ್ಕೆ ಬಂದಿತ್ತು: ಯಾವುದು ಅಕ್ಕಿ, ಯಾವುದು ಬೇಳೆ ಎಂದು ಬೇರೆ ಮಾಡುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅತ್ತೆಗೆ ಕಥೆಯಿಲ್ಲದೆ ಏನನ್ನೂ ಹೇಳಲು ಬರುತ್ತಿರಲಿಲ್ಲ. ಮಗ್ಗಿಯನ್ನು ಕೂಡ. "ಏಳೆಂಟ್ಲಿ ಎಷ್ಟೋ ವಚ್ಚು?" (ಶ್ರೀವತ್ಸ ಎಂಬ ದೊಡ್ಡ ಹೆಸರಿನ ನಾನು ಮನೆಯಲ್ಲಿ ವಚ್ಚು.) ನಾನು ಸೂರು ನೋಡುತ್ತಿದ್ದೆ. "ಕೇಳು ಕಣ್ಣಾ. ಕೃಷ್ಣ ಏಳು ದಿನ ಬೆಟ್ಟ ಎತ್ಕೊಂಡು ನಿಂತ. ದಿನಕ್ಕೆ ಎಂಟು ಸಲ ಉಣ್ಣೋ ಮಗು ಅದು. ಏಳು ದಿನ ಹಸ್ಕೊಂಡಿತ್ತಲ್ಲ, ಇಳಿಸಿದ ಮೇಲೆ ಜನ ಎಲ್ಲಾ ಊಟಾನೂ ಒಟ್ಟಿಗೆ ಮಾಡಿ ಹಾಕಿದ್ರು. ಎಷ್ಟು ಭಕ್ಷ್ಯ ಆಯ್ತು?" ಐವತ್ತಾರು! ಇವತ್ತಿಗೂ ನನ್ನನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಏಳೆಂಟ್ಲಿ ಐವತ್ತಾರು. ಏಳೊಂಬತ್ತಲಿ ಎಷ್ಟು ಎಂದು ಮಾತ್ರ ಕೇಳಬೇಡಿ. ಅದಕ್ಕೆ ಅತ್ತೆಯ ಬಳಿ ಕಥೆ ಇರಲಿಲ್ಲ.

ಇದರ ಫಲವನ್ನು ನಾನು ಒಂಬತ್ತನೆಯ ತರಗತಿಯಲ್ಲಿ ಉಂಡೆ. ಗುರುತ್ವಾಕರ್ಷಣೆಯ ಮೇಲೆ ಟಿಪ್ಪಣಿ ಬರೆಯಲು ಕೇಳಿದ್ದರು. ನಾನು, ಒಂದಾನೊಂದು ಕಾಲದಲ್ಲಿ ಒಂದು ಬೆಟ್ಟದ ಮೇಲೆ ಒಂದು ಕಲ್ಲಿತ್ತು, ಅದಕ್ಕೆ ತನ್ನ ತಾಯಿಯಾದ ಭೂಮಿಯ ಮೇಲೆ ಬಹಳ ಪ್ರೀತಿ ಎಂದು ಶುರುಮಾಡಿ ಮೂರು ಪುಟ ಬರೆದೆ. ಕಲ್ಲು ಬಿದ್ದ ಜಾಗದಲ್ಲಿ ನನಗೇ ಅಳು ಬಂತು. ಮೇಷ್ಟರು ಸೊನ್ನೆ ಕೊಟ್ಟರು. ಆದರೆ ಆ ಮೂರು ಪುಟವನ್ನು ಹರಿದು ಮನೆಗೆ ಒಯ್ದರೆಂದೂ, ಅವರ ಮಗಳು ಅದನ್ನು ಓದಿ ಅತ್ತಳೆಂದೂ ಆಮೇಲೆ ತಿಳಿಯಿತು. ವಿಜ್ಞಾನದಲ್ಲಿ ನನಗೆ ಸಿಕ್ಕ ಏಕೈಕ ಮನ್ನಣೆ ಅದು.

ಅತ್ತೆಯ ಎಲ್ಲ ಕಥೆಗಳಿಗೂ ತಲೆಯ ಮೇಲಿನ ಕಿರೀಟವೆಂದರೆ ಶ್ರಾವಣ ಶನಿವಾರದ ಕಥೆ. ಇದು ಪುಸ್ತಕದಲ್ಲಿಲ್ಲ. ಅತ್ತೆಗೆ ಅವಳ ಅಜ್ಜಿ ಹೇಳಿದ್ದು, ಅಜ್ಜಿಗೆ ಇನ್ಯಾರೋ. ಶ್ರಾವಣದ ಪ್ರತಿ ಶನಿವಾರ ಶ್ರೀನಿವಾಸನ ಮುಂದೆ ಹಿಟ್ಟಿನ ದೀಪ ಹಚ್ಚಿ, ಈ ಕಥೆ ಹೇಳಿ, ಆಮೇಲೆಯೇ ಊಟ. ಅಲ್ಲಿಯವರೆಗೆ ಅತ್ತೆ ನೀರು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ನಲವತ್ತು ವರ್ಷದಲ್ಲಿ ಒಂದು ಶನಿವಾರ ತಪ್ಪಿಲ್ಲ, ಒಂದು ಅಕ್ಷರ ಬದಲಾಗಿಲ್ಲ.

ಕಥೆಗೆ ಮೂರು ಕಟ್ಟಳೆ. ಕೇಳುವವರ ಮುಷ್ಟಿಯಲ್ಲಿ ಅಕ್ಷತೆ ಇರಬೇಕು; ಮುಗಿದ ಮೇಲೆ ಅದನ್ನು ದೇವರಿಗೆ ಹಾಕಬೇಕು. ಕಥೆಯಲ್ಲಿ ಯಾರಾದರೂ ಅಳುತ್ತಿರುವಾಗ ನಿಲ್ಲಿಸಬಾರದು. ನೆಲ ನಡುಗಿದರೂ ಅವರ ಕಣ್ಣೊರೆಸಿಯೇ ಏಳಬೇಕು. ಮತ್ತು, ಯಾರಾದರೂ ಒಬ್ಬರು ಹೂಂ ಅನ್ನಬೇಕು. "ಹೂಂ ಇಲ್ದಿರೋ ಕಥೆ ಗೋಡೆಗೆ ಹೋಗತ್ತೆ, ದೇವರಿಗೆ ಹೋಗಲ್ಲ," ಎಂಬುದು ಅತ್ತೆಯ ಸಿದ್ಧಾಂತ. ಬಂದ ಹೆಂಗಸರಿಗೆಲ್ಲ ಹೂಂ ಅನ್ನಲು ಸಂಕೋಚ. ಹಾಗಾಗಿ ನಾಲ್ಕು ವರ್ಷದ ನನ್ನನ್ನು ಎತ್ತಿ ಚಾಪೆಯ ಮೇಲೆ ಕೂರಿಸಿದರು. ಮೊದಲ ಎಲೆ ನನಗೆ ಬಡಿಸುತ್ತಾರೆಂದು ನಾನೂ ಕೂತೆ. ಇಪ್ಪತ್ತು ವರ್ಷ ಏಳಲಿಲ್ಲ.

ಈ ವರ್ಷ ಶ್ರಾವಣಕ್ಕೆ ಮುಂಚೆ ಅತ್ತೆಯ ಧ್ವನಿ ಒಡೆಯಿತು. ಗಂಟಲಿನಲ್ಲಿ ಸಣ್ಣದೊಂದು ಗಂಟು. ತೆಗೆದರು, ಕೆಟ್ಟದ್ದೇನೂ ಅಲ್ಲವೆಂದು ಪರೀಕ್ಷೆಯೂ ಹೇಳಿತು. ಆದರೆ ಡಾಕ್ಟರು ಬೆರಳೆತ್ತಿ ಒಂದು ಮಾತು ಹೇಳಿದರು: "ಇಪ್ಪತ್ತೊಂದು ದಿನ ಪೂರ್ತಿ ಮೌನ, ಮಾಮಿ. ಪಿಸುಮಾತೂ ಇಲ್ಲ. ನಡುವೆ ಬಾಯಿ ಬಿಟ್ರೆ ಈ ಧ್ವನಿ ವಾಪಸ್ ಬರತ್ತೆ ಅಂತ ನಾನು ಹೇಳಕ್ಕಾಗಲ್ಲ."

ಆಪರೇಷನ್ನಿನ ಹಿಂದಿನ ದಿನ ಅತ್ತೆ ಇಪ್ಪತ್ತೊಂದು ದಿನದ ಮಾತನ್ನೆಲ್ಲ ಮುಂಗಡವಾಗಿ ಆಡಿ ಮುಗಿಸಿದಳು. ಹಾಲಿನವನಿಗೆ, ಕೆಲಸದವಳಿಗೆ, ಅಪ್ಪನಿಗೆ, ಇನ್ನೂ ಮಾಡಿರದ ತಪ್ಪುಗಳಿಗೂ ಸೇರಿಸಿ ನನಗೆ. ನಾನು ಪಲ್ಲಾವರಂನ ಶುಕ್ರವಾರದ ಸಂತೆಗೆ ಹೋಗಿ ಹಳೆಯ ಸಾಮಾನಿನ ರಾಶಿಯಿಂದ ಮರದ ಚೌಕಟ್ಟಿನ ಒಂದು ಸ್ಲೇಟು ಹುಡುಕಿ ತಂದೆ. ಅದರಲ್ಲಿ ಬರೆಯುವ ಅತ್ತೆ, ಮಾತನಾಡುವ ಅತ್ತೆಗಿಂತ ಭಯಂಕರಳಾಗಿದ್ದಳು. ಮಾತನ್ನು ಕೇಳಿಸಲಿಲ್ಲ ಅನ್ನಬಹುದು. ಸ್ಲೇಟನ್ನು ಮೂಗಿನ ಕೆಳಗೆ ಹಿಡಿದರೆ ಏನು ಹೇಳುತ್ತೀರಿ?

ಮೊದಲ ಶನಿವಾರಗಳ ಕಥೆಯನ್ನು ಅತ್ತೆ ಆಪರೇಷನ್ನಿಗೆ ಮುಂಚೆ ಒಡೆದ ಧ್ವನಿಯಲ್ಲೇ ಹೇಳಿದ್ದಳು; ಲೆಕ್ಕ ಹಾಕಿದರೆ, ಮೌನದ ಮೊದಲ ವಾರದಲ್ಲೇ ಕಡೆಯ ಶ್ರಾವಣ ಶನಿವಾರ ಬೀಳುತ್ತಿತ್ತು. ಆ ವಿಷಯ ಬಂದ ಸಂಜೆ ಅತ್ತೆ ಸ್ಲೇಟಿನ ಮೇಲೆ, 'ಕಥೆ ಯಾರು ಹೇಳುವುದು?' ಎಂದು ಬರೆದು ನಡುಮನೆಯಲ್ಲಿ ಇಟ್ಟಳು.

ಅಪ್ಪ ಪೇಪರಿನ ಹಿಂದೆ ಸರಿದು, "ಅದು ಹೆಂಗಸರ ವಿಷಯ," ಅಂದ.

ಅಮ್ಮ, "ನನ್ನ ನೋಡ್ಬೇಡಿ. ಮದುವೆ ಆಗಿ ಬಂದಾಗಿಂದ ಕಥೆ ಹೊತ್ತಲ್ಲಿ ನಾನು ಹೋಳಿಗೆ ತಟ್ತಿರ್ತೀನಿ. ನನಗೆ ಕಥೆ ಮೊದಲೂ ಗೊತ್ತಿಲ್ಲ, ಕೊನೇನೂ ಗೊತ್ತಿಲ್ಲ," ಅಂದಳು. ಆ ಮಾತಿನಲ್ಲಿ ಇಪ್ಪತ್ತೇಳು ವರ್ಷದ ಬಿಸಿ ಇತ್ತು. ಯಾರೂ ಮುಟ್ಟಲು ಹೋಗಲಿಲ್ಲ.

"ಫೋನಲ್ಲಿ ರೆಕಾರ್ಡ್ ಮಾಡಿಟ್ಕೋಬೇಕಿತ್ತು," ಅಂದ ಅಪ್ಪ, ಪೇಪರಿನೊಳಗಿನಿಂದ.

ಅತ್ತೆ ಬರೆದಳು: 'ಫೋನು ಹೂಂಗೆ ಕಾಯುತ್ತಾ?'

ಆಗ ನನ್ನ ನಾಲಗೆಗೆ ಶನಿ ಹಿಡಿಯಿತು. "ಯಾಕಿಷ್ಟು ಟೆನ್ಷನ್ನು? ಇಪ್ಪತ್ತು ವರ್ಷ ಹೂಂಗುಟ್ಟಿದೋನು ನಾನು. ನಿದ್ದೆಗಣ್ಣಲ್ಲಿ ಹೇಳ್ತೀನಿ," ಅಂದುಬಿಟ್ಟೆ. ಅತ್ತೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸ್ಲೇಟಿನಲ್ಲಿ ನಿಧಾನವಾಗಿ, 'ತಪ್ಪು ಹೇಳಿದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ' ಎಂದು ಬರೆದಳು. ಅದು ಬೆದರಿಕೆ ಎಂದುಕೊಂಡೆ. ಅವಳು ಹೆದರಿಕೊಂಡು ಬರೆದಿದ್ದಳು.

ಶನಿವಾರ ಬಂತು. ಹನ್ನೆರಡೂವರೆಗೆ ದೀಪ ಹಚ್ಚಿದ್ದಾಯಿತು. ಕೇಳಲು ಬಂದವರು ಮೂವರು. ಒಬ್ಬಳು ಮೇಲಿನ ಫ್ಲಾಟಿನ ಸುಮಾ. ಗಂಡನ ಕೆಲಸದ ನಿಮಿತ್ತ ಮೈಸೂರಿನಿಂದ ಎರಡು ವರ್ಷದ ಹಿಂದೆ ಬಂದವಳು. ಇನ್ನೊಬ್ಬಳು ಅವಳ ಎಂಟು ವರ್ಷದ ಮಗಳು ಧೃತಿ. ತನ್ನಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರಿಸುವುದು ಅವಳ ಧರ್ಮ. ಮೂರನೆಯವಳು ಕೆಳಗಿನ ಮನೆಯ ಪಟ್ಟು ಮಾಮಿ. ಅಚ್ಚ ತಮಿಳಿನವಳು, ಹದಿನೈದು ವರ್ಷದಿಂದ ತಪ್ಪದೆ ಬಂದು ಕನ್ನಡದ ಕಥೆ ಕೇಳುತ್ತಾಳೆ. ಯಾಕೆ ಮಾಮಿ ಎಂದರೆ, "ನಿಮಗೆ ಶ್ರಾವಣ ಶನಿ, ಎಂಗಳುಕ್ಕು ಪುರಟ್ಟಾಸಿ ಶನಿ. ಪೆರುಮಾಳ್ ರೆಂಡು ಇಡತ್ತಿಲೂ ಸಾಪ್ಪಿಡುವಾರ್," ಅನ್ನುತ್ತಾಳೆ. ನಮಗೆ ಶ್ರಾವಣವಿದ್ದ ಹಾಗೆ ತಮಿಳರಿಗೆ ಪುರಟ್ಟಾಸಿ ತಿಂಗಳು; ದೇವರಿಗೆ ಎರಡು ಕಡೆ ಊಟವಿದ್ದರೆ ತನಗೆ ಎರಡು ಕಡೆ ಕಥೆ ಇರಲಿ ಎಂಬುದು ಅವಳ ವಾದ.

ಅತ್ತೆ ತನ್ನ ಎಂದಿನ ಜಾಗದಿಂದ ಎದ್ದು, ಕೇಳುವವರ ಸಾಲಿನಲ್ಲಿ ಕೂತು, ಕೈ ಚಾಚಿದಳು. ಅವಳ ಮುಷ್ಟಿಗೆ ನಾನೇ ಅಕ್ಷತೆ ಹಾಕಿದೆ.

"ಒಂದೂರಲ್ಲಿ ಒಂದು ಮನೆ. ಆ ಮನೇಲಿ ಮೂರು ಜನ ಸೊಸೆಯರು."

"ಉಂ," ಅಂದಳು ಧೃತಿ. ಹೂಂ ಎಂಬುದಕ್ಕೆ ಕನ್ನಡ ತಮಿಳೆಂಬ ಭೇದವಿಲ್ಲವಲ್ಲ. ನನಗೆ ಧೈರ್ಯ ಬಂತು.

"ಶ್ರಾವಣ ಶನಿವಾರ. ಅತ್ತೆ ಹೊಳೆಗೆ ಹೋಗಿದ್ಲು. ಬಾಗಿಲಲ್ಲಿ ಒಬ್ಬ ಬಂದು, ಗೋವಿಂದಾ, ಒಂದು ಹಿಡಿ ಹಿಟ್ಟು ಹಾಕಿ ಅಂದ. ಇಬ್ರು ಸೊಸೆಯರು ಮುಂದೆ ಹೋಗು ಅಂದ್ರು. ಮೂರನೇಯೋಳು ದೀಪಕ್ಕೆ ಅಂತ ಇಟ್ಟಿದ್ದ ಜೋಳದ ಹಿಟ್ಟನ್ನ..."

ಟಪ್ ಎಂದು ಸ್ಲೇಟಿನ ಮೇಲೆ ಬಳಪ ಬಿತ್ತು. ಅತ್ತೆ 'ತಪ್ಪು' ಎಂದು ಬರೆದು ತಲೆಯಾಡಿಸುತ್ತಿದ್ದಳು.

"ಜೋಳದ ಹಿಟ್ಟಲ್ಲಿ ದೀಪ ಮಾಡ್ತಾರಾ ಯಾರಾದ್ರೂ?" ಅಂದಳು ಸುಮಾ, ಮೆಲ್ಲಗೆ.

"ಬರಗಾಲ," ಅಂದೆ ನಾನು. ಅತ್ತೆಯ ಗಂಟಲಿನ ನರ ಒಮ್ಮೆ ಉಬ್ಬಿ ಇಳಿಯಿತು.

ಅಲ್ಲಿಂದ ಮುಂದೆ ನನಗೆ ಒಂದು ಭೀಕರ ಸತ್ಯ ಗೊತ್ತಾಗುತ್ತಾ ಹೋಯಿತು. ಇಪ್ಪತ್ತು ವರ್ಷದಲ್ಲಿ ನಾನು ಕಥೆಯನ್ನು ಕೇಳಿಯೇ ಇರಲಿಲ್ಲ; ಹೂಂ ಹಾಕುವ ಜಾಗವನ್ನು ಮಾತ್ರ ಕೇಳಿದ್ದೆ. ಇಲ್ಲೊಂದು ಆಶ್ಚರ್ಯದ ಹೂಂ, ಇಲ್ಲೆರಡು ಮರುಕದ ಹೂಂ, ಇಲ್ಲೊಂದು ಉದ್ದನೆಯ ಹೂಂ ಎಂದು ನಕ್ಷೆ ಪೂರ್ತಿ ತಲೆಯಲ್ಲಿದೆ. ಊರುಗಳ ಹೆಸರೇ ಇಲ್ಲ. ಬಸ್ಸಿನಲ್ಲಿ ದಿನಾ ನಿದ್ದೆ ಮಾಡುತ್ತಾ ಹೋಗುವವನನ್ನು ಒಂದು ದಿನ ಡ್ರೈವರಿನ ಸೀಟಿನಲ್ಲಿ ಕೂರಿಸಿದ ಹಾಗಾಯಿತು.

ಹೇಗೋ ತಳ್ಳಿದೆ. ಹಿಟ್ಟು ಕೊಟ್ಟ ಸೊಸೆಯನ್ನು ಅವಳ ಅತ್ತೆ ಹೊರಗೆ ಹಾಕಿದಳು. ಯಾರಿಗೆ ಕೊಟ್ಟೆಯೋ ಅವನ ಹತ್ತಿರದಿಂದಲೇ ಹಿಟ್ಟು ತಂದರೆ ಮನೆ, ಇಲ್ಲದಿದ್ದರೆ ಇಲ್ಲ ಅಂದಳು. ಸೊಸೆ ಖಾಲಿ ಗಡಿಗೆ ಹಿಡಿದು ಅವನಿರುವ ಬೆಟ್ಟ ಹುಡುಕಿ ಹೊರಟಳು. ದಾರಿಯಲ್ಲಿ ಒಂದು ಬಾವಿ ಸಿಕ್ಕಿತು: ನನ್ನ ನೀರನ್ನು ಯಾರೂ ಕುಡಿಯುವುದಿಲ್ಲ, ಯಾಕೆಂದು ಕೇಳಿ ಬಾ ಅಂದಿತು. ಒಂದು ಹಸು ಸಿಕ್ಕಿತು: ನನ್ನ ಕರು ನನ್ನ ಹತ್ತಿರ ಬರುವುದಿಲ್ಲ, ಯಾಕೆಂದು ಕೇಳಿ ಬಾ ಅಂದಿತು. ಒಂದು ಮಾವಿನ ಮರ ಸಿಕ್ಕಿತು: ನನ್ನ ಹಣ್ಣೆಲ್ಲ ಹುಳಿ, ಯಾಕೆಂದು ಕೇಳಿ ಬಾ ಅಂದಿತು. ಇಷ್ಟೂ ಸರಿಯಾಗಿಯೇ ಬಂತು. ಅತ್ತೆಯ ಭುಜ ಕೊಂಚ ಸಡಿಲವಾಯಿತು. ಮುಂದೆ ಏನೆಂದು ಹೊಳೆಯದೆ, ಕಾಲ ತಳ್ಳಲು ಎದುರಿಗಿದ್ದ ಪೂಜೆಯ ಗಂಟೆಯನ್ನು ನೋಡಿ, "ಆಮೇಲೆ ಒಂದು ಹಾಳು ಗುಡಿ. ಅಲ್ಲಿ ಒಂದು ಗಂಟೆ. ನನ್ನನ್ನ ಯಾರೂ ಬಾರಿಸಲ್ಲ, ಯಾಕೆ ಅಂತ ಕೇಳ್ಕೊಂಡ್ ಬಾ ಅಂತು," ಅಂದುಬಿಟ್ಟೆ.

ಅತ್ತೆಯ ಬಾಯಿ ತೆರೆಯಿತು.

ನಿಜವಾಗಿಯೂ ತೆರೆಯಿತು. ತುಟಿ ಅಗಲವಾಗಿ, ಉಸಿರು ಒಳಗೆಳೆದು, ಇನ್ನೇನು ಶಬ್ದ ಹೊರಡಬೇಕು. "ಮಾಮೀ! ಪೇಸಾದೀಂಗೋ!" ಎಂದು ಪಟ್ಟು ಮಾಮಿ ಅಕ್ಷತೆಯ ಕೈಯನ್ನೇ ಅತ್ತೆಯ ಬಾಯಿಗೆ ಅಡ್ಡ ಹಿಡಿದಳು. ಅತ್ತೆ ಕಣ್ಣು ಮುಚ್ಚಿಕೊಂಡು ಉಸಿರನ್ನು ಹಾಗೆಯೇ ನುಂಗಿದಳು. ಅವಳ ತುಟಿಯ ಮೇಲೆ ಎರಡು ಅರಿಶಿನದ ಅಕ್ಕಿಕಾಳು ಅಂಟಿಕೊಂಡಿದ್ದವು. ನನಗೆ ನಗು ಬರಲಿಲ್ಲ. ನನಗೆ ನಗು ಬಾರದ ಸಂದರ್ಭಗಳು ಬಹಳ ಕಡಿಮೆ ಎಂದು ನೀವು ಇಷ್ಟು ಹೊತ್ತಿಗೆ ತಿಳಿದಿರುತ್ತೀರಿ. ನಾನು ಇನ್ನೊಂದು ತಪ್ಪು ಹೇಳಿದರೆ ಈ ಹೆಂಗಸು ತಡೆಯಲಾರಳು, ತಡೆಯದಿದ್ದರೆ ಆ ಧ್ವನಿ ಮತ್ತೆ ಬರದೆ ಹೋಗಬಹುದು ಎಂಬುದು ಆಗ ಮಾತ್ರ ನನ್ನ ತಲೆಗೆ ಹೋಯಿತು.

ಹೆದರಿಕೆಗೆ ಇದ್ದಬದ್ದದ್ದೂ ಮರೆಯಿತು. "ಸೊಸೆ ಬೆಟ್ಟದ ಬುಡಕ್ಕೆ ಬಂದು, ಕೂತ್ಕೊಂಡು, ಅಳ್ತಾ..." ಎಂದವನು ಅಲ್ಲೇ ನಿಂತೆ. ಅಳುವಾಗ ನಿಲ್ಲಿಸುವ ಹಾಗಿಲ್ಲ. ಮುಂದಕ್ಕೆ ಹೋಗಲು ದಾರಿಯಿಲ್ಲ. ಆದ್ದರಿಂದ ಅವಳು ಅಳುತ್ತಲೇ ಇದ್ದಳು. ಮೊದಲು ಗಟ್ಟಿಯಾಗಿ, ಆಮೇಲೆ ಬಿಕ್ಕಿ ಬಿಕ್ಕಿ, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿ. ಡಬ್ಬಿಂಗಿನಲ್ಲಿ ಕಲಿತ ಅಳುಗಳನ್ನೆಲ್ಲ ಖರ್ಚು ಮಾಡಿದೆ. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಅಡುಗೆಮನೆಯಿಂದ ಅಮ್ಮನ ಧ್ವನಿ ಬಂತು. "ಮುಗೀತೇನೋ? ಅನ್ನ ತಣ್ಣಗಾಗ್ತಿದೆ. ನಿಮ್ಮತ್ತೆ ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ."

"ಇನ್ನೂ ಅಳ್ತಿದಾಳಮ್ಮ."

"ಯಾರೋ?"

"ಸೊಸೆ."

"ಯಾವ ಸೊಸೇನೂ ಅಷ್ಟು ಹೊತ್ತು ಅಳಲ್ಲ ಕಣೋ. ಕೆಲ್ಸ ಇರತ್ತೆ. ಎಬ್ಬಿಸು ಅವಳನ್ನ."

ಎಂಥ ಮಾತು! ಎಬ್ಬಿಸಿದೆ. ಕಣ್ಣೊರೆಸಿಕೊಂಡು ಸೊಸೆ ಬೆಟ್ಟ ಹತ್ತಿದಳು. ಹತ್ತಿದ ಮೇಲೆ ಅಲ್ಲೊಂದು ದೊಡ್ಡ ಆಶ್ಚರ್ಯದ ಹೂಂ ಇದ್ದದ್ದು ನೆನಪಾಯಿತು. ಆಶ್ಚರ್ಯ ಏನಿರಬಹುದು? ಅವತ್ತು ಹಿಟ್ಟು ಬೇಡಿದವನೇ ಅಲ್ಲಿ ಒಡೆಯನಾಗಿ ಕೂತಿದ್ದ! ಪದ್ದತ್ತೆ ಕಣ್ಣು ತೆರೆದು ಹೌದೆಂದು ಸಣ್ಣಗೆ ತಲೆದೂಗಿದಳು. ಸೊಸೆ ತನ್ನ ಕಷ್ಟ ಹೇಳಲಿಲ್ಲ; ಮೊದಲು ಬಾವಿಯ ಪ್ರಶ್ನೆ ಕೇಳಿದಳು. ಅವನು ಹೇಳಿದ...

ಏನು ಹೇಳಿದ? ನನಗೆ ಗೊತ್ತಿರಲಿಲ್ಲ. ಮಾನ ಬಿಟ್ಟು ಕೇಳಿದೆ: "ಏನು ಹೇಳಿದ? ಯಾರಿಗಾದ್ರೂ ಜ್ಞಾಪಕ ಇದ್ಯಾ?"

"ಅಯ್ಯೋ, ಹಗ್ಗ ಬಚ್ಚಿಟ್ಟಿದ್ರಲ್ವಾ?" ಅಂದಳು ಸುಮಾ. "ಬಾವಿ ಮನೆಯೋರು ಹಗ್ಗ ಬಚ್ಚಿಡ್ತಿದ್ರು. ಅದನ್ನ ಕಟ್ಟೆ ಮೇಲೆ ಇಟ್ರೆ ಎಲ್ರೂ ಬಂದು ಕುಡೀತಾರೆ ಅಂದ. ನಾವು ಮೊದ್ಲಿದ್ದ ಬಿಲ್ಡಿಂಗಲ್ಲಿ ಮೋಟರ್ ರೂಮ್ ಕೀ ಬಚ್ಚಿಡ್ತಿದ್ರಲ್ಲಾ, ಅದಕ್ಕೆ ಜ್ಞಾಪಕ ಇದೆ ನಂಗೆ."

"ಆಮೇಲೆ ಹಸು ಕೇಳಿದ್ದನ್ನ ಕೇಳಿದ್ಲು," ಅಂದೆ.

ಪಟ್ಟು ಮಾಮಿ ಗಂಟಲು ಸರಿಮಾಡಿಕೊಂಡಳು. ತಾಯಿಯಿಲ್ಲದ ಇನ್ನೊಂದು ಕರು ಬಂದಾಗ ಆ ಹಸು ಒದ್ದಿತ್ತಂತೆ. ಅದಕ್ಕೂ ಹಾಲು ಕೊಡಲಿ, ತನ್ನ ಕರು ತಾನೇ ಬರುತ್ತದೆ. ತಮಿಳಿನಲ್ಲಿ ಹೇಳಿ ಮುಗಿಸಿ ಮಾಮಿ ಕಿಟಕಿಯ ಕಡೆ ನೋಡಿದಳು. ತಂಗಿಯ ಮಗನನ್ನು ಎದೆಗೆ ಹಾಕಿಕೊಂಡು ಬೆಳೆಸಿದವಳು ಅವಳು. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ.

"ಮಾಮರಂ ನಾನ್ ಸೊಲ್ರೇನ್!" ಎಂದು ಧೃತಿ ಕೈಯೆತ್ತಿದಳು. ಮಾವಿನ ಮರ ತನ್ನ ಪಾಲೆಂದು. ಆಮೇಲೆ ನೆಟ್ಟಗೆ ಕೂತು, ಎರಡು ಕೈ ತೊಡೆಯ ಮೇಲಿಟ್ಟು, ಕನ್ನಡದಲ್ಲಿ ಶುರುಮಾಡಿದಳು: "ಅಮ್ಮಾ ತಾಯೀ, ಆ ಮರದ ಬೇರಿನ ಕೆಳಗೆ ಚಿನ್ನದ ಕೊಡ ಇದೆಯಮ್ಮಾ..." ಇಲ್ಲಿ ಎರಡು ಸಲ ಕೆಮ್ಮಿದಳು. "ಅದನ್ನು ಯಾರಿಗಾದರೂ ಕೊಟ್ಟುಬಿಟ್ಟರೆ ಬೇರು ತಣ್ಣಗಾಗುತ್ತೆ, ಹಣ್ಣು ಸಿಹಿಯಾಗುತ್ತೆ."

ಪದ್ದತ್ತೆಯ ಮಾತು, ಪದ್ದತ್ತೆಯ ರಾಗ. ಪ್ರತಿವರ್ಷ ಊದುಬತ್ತಿಯ ಹೊಗೆಗೆ ಅತ್ತೆ ಅದೇ ಜಾಗದಲ್ಲಿ ಕೆಮ್ಮುವ ಕೆಮ್ಮೂ ಇತ್ತು. ಅದೂ ಕಥೆಯ ಭಾಗವೆಂದು ಹುಡುಗಿ ತಿಳಿದಿದ್ದಳು. ಸುಮಾ ಮಗಳನ್ನು ಯಾರದೋ ಮಗುವಿನ ಹಾಗೆ ನೋಡುತ್ತಿದ್ದಳು. "ಇಲ್ಲಿಗೆ ಬಂದ್ಮೇಲೆ ನನ್ ಹತ್ರ ಒಂದು ದಿನ ನೀರು ಬೇಕು ಅಂತಾನೂ ಕನ್ನಡದಲ್ಲಿ ಕೇಳಿಲ್ಲಾರೀ ಇವ್ಳು," ಅಂದಳು.

ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಧೃತಿ ಬಿಡಲಿಲ್ಲ. "ಅಪ್ಪುರಂ ಮಣಿ?"

ಆಮೇಲೆ ಗಂಟೆ? ಅಯ್ಯೋ, ನನ್ನ ಗಂಟೆ! ಅದು ಕಥೆಯಲ್ಲೇ ಇಲ್ಲದ್ದು. ಅದಕ್ಕೆ ಉತ್ತರ ಯಾರ ಅಜ್ಜಿಯೂ ಹೇಳಿಲ್ಲ. ಗಂಟೆಯನ್ನು ಬಿಟ್ಟುಬಿಡೋಣವೆಂದರೆ ಅದು ದಾರಿಯಲ್ಲಿ ಕಾಯುತ್ತಾ ನಿಂತಿದೆ. ಪ್ರಶ್ನೆ ತೆಗೆದುಕೊಂಡು ಹೋದವಳು ಉತ್ತರವಿಲ್ಲದೆ ಹೇಗೆ ಹಿಂದಿರುಗುತ್ತಾಳೆ? ಸುಮಾ ನನ್ನನ್ನು ನೋಡಿದಳು. ನಾನು ಮಾಮಿಯನ್ನು ನೋಡಿದೆ. ಮಾಮಿ ಅತ್ತೆಯನ್ನು ನೋಡಿದಳು.

ಅತ್ತೆ ಸ್ಲೇಟನ್ನು ತೊಡೆಯ ಮೇಲೆ ಎಳೆದುಕೊಂಡಳು. 'ತಪ್ಪು' ಎಂದು ಬರೆದಿದ್ದದ್ದನ್ನು ಸೆರಗಿನಿಂದ ಒರೆಸಿದಳು. ಬಳಪ ಹಿಡಿದಳು. ನಲವತ್ತು ವರ್ಷ ಒಂದಕ್ಷರ ಸೇರಿಸದ, ಒಂದಕ್ಷರ ಬಿಡದ ಹೆಂಗಸು. ಆಮೇಲೆ ಬರೆದಳು. ಬರೆದು ನನ್ನ ಕಡೆ ತಿರುಗಿಸಿದಳು. ನಾನು ಓದಿದೆ.

"ಗಂಟೆಯೊಳಗೆ ಗುಬ್ಬಿ ಗೂಡು ಕಟ್ಟಿದೆ. ಮರಿ ಹಾರುವ ತನಕ ಸುಮ್ಮನಿರು ಅಂತ ಹೇಳು."

ಯಾರೂ ಹೂಂ ಅನ್ನಲಿಲ್ಲ. ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ಹೂಂ ಬಂತು. ತಿರುಗಿ ನೋಡಿದರೆ ಅಮ್ಮ, ಕೈಯಲ್ಲಿ ಸೌಟು. ಯಾವಾಗ ಬಂದು ನಿಂತಿದ್ದಳೋ.

ಅಲ್ಲಿಂದ ಇಳಿಜಾರು. ಸೊಸೆ ಗಂಟೆಗೆ, ಮರಕ್ಕೆ, ಹಸುವಿಗೆ, ಬಾವಿಗೆ ಉತ್ತರ ಕೊಡುತ್ತಾ ಊರಿಗೆ ಬಂದಳು. ಗಡಿಗೆಯಲ್ಲಿ ತೆಗೆದಷ್ಟೂ ಮುಗಿಯದ ಹಿಟ್ಟು. ಅವಳ ಅತ್ತೆ ಒಳಗೆ ಕರೆದುಕೊಂಡಳು. ನಾವು ಅಕ್ಷತೆ ಹಾಕಿದೆವು. ಎರಡೂಕಾಲಿಗೆ ಎಲೆ ಬಿತ್ತು. ಮೊದಲ ಎಲೆ ಪದ್ಧತಿಯ ಪ್ರಕಾರ ಹೂಂ ಅಂದವಳಿಗೆ, ಅಂದರೆ ಧೃತಿಗೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ನಾನು ನನ್ನ ಸರದಿಗಾಗಿ ಕಾದೆ.

ಇಪ್ಪತ್ತೊಂದು ದಿನ ಕಳೆಯಿತು. ಡಾಕ್ಟರು ಗಂಟಲೊಳಗೆ ಸಣ್ಣ ಕನ್ನಡಿ ಹಿಡಿದು ನೋಡಿ, "ಚೆನ್ನಾಗಿ ಆರಿದೆ. ಈ ವಾರ ದಿನಕ್ಕೆ ಹತ್ತೇ ನಿಮಿಷ ಮಾತು. ಅದರ ಮೇಲೆ ಒಂದು ಸೆಕೆಂಡೂ ಇಲ್ಲ," ಅಂದರು. ಮನೆಗೆ ಬಂದು ನಾವೆಲ್ಲ ಗಡಿಯಾರದ ಕೆಳಗೆ ಕೂತೆವು. ಮೊದಲ ಮಾತು ಏನಿರಬಹುದು? ಗೋವಿಂದ ಎಂದು ಅಪ್ಪ. ಕೃಷ್ಣಾ ಎಂದು ಅಮ್ಮ. ನನ್ನನ್ನು ಹೊಗಳಿ ಒಂದೆರಡು ಮಾತು ಎಂದು ನಾನು.

ಅತ್ತೆ ನೀರು ಕುಡಿದು, ಗಂಟಲ ಮೇಲೆ ಕೈಯಿಟ್ಟು, ಹೊಸ ಧ್ವನಿಯಲ್ಲಿ ಬಾಯಿ ತೆರೆದಳು. ಮೊದಲಿನದಕ್ಕಿಂತ ಒಂದು ಎಳೆ ತೆಳು, ಆದರೆ ಅವಳದೇ.

"ಜೋಳ ಅಲ್ವೋ ಮುಂಡೇದೆ, ಅಕ್ಕಿ ಹಿಟ್ಟು!"

ಮುಂದಿನ ಒಂಬತ್ತು ನಿಮಿಷ ನನ್ನ ತಪ್ಪುಗಳ ಪಟ್ಟಿ. ಕಥೆಯ ಅತ್ತೆ ಹೋಗಿದ್ದು ಹೊಳೆಗಲ್ಲ, ದೇವಸ್ಥಾನಕ್ಕೆ. ಹಸುವಿನ ಬಣ್ಣ ಹೇಳಲಿಲ್ಲ. ಬೆಟ್ಟಕ್ಕೆ ಏಳು ಮೆಟ್ಟಲು ಇರಬೇಕಿತ್ತು. "ಆಮೇಲೆ ಅದೇನೋ ಅಳು ಅದು? ಯಾರ ಮನೇಲಿ ಸತ್ತಿದ್ರು?" ನಾನು ಪ್ರತಿಯೊಂದಕ್ಕೂ ಹೂಂ ಅಂದೆ. ಅಮ್ಮ ಗಡಿಯಾರ ತೋರಿಸಿ, "ಇನ್ನೊಂದೇ ನಿಮಿಷ," ಅಂದಳು.

ಅತ್ತೆ ನಿಲ್ಲಿಸಿದಳು. ಧ್ವನಿಯನ್ನು ತಗ್ಗಿಸಿ, "ನಲವತ್ತು ವರ್ಷ ಹೇಳಿದೀನಿ ಕಣೋ. ಅವಳು ಮನೆ ಸೇರ್ತಾಳೆ ಅಂತ ನಂಗೆ ಮೊದಲೇ ಗೊತ್ತಿರ್ತಿತ್ತು. ಅವತ್ತು ಗೊತ್ತಿರ್ಲಿಲ್ಲ. ಮುಷ್ಟಿ ಹಿಡ್ಕೊಂಡು ಸ್ವಾಮಿ ಹತ್ರ ನಿಜವಾಗ್ಲೂ ಬೇಡ್ಕೊಂಡೆ. ಅಪ್ಪಾ, ಆ ಹುಡುಗೀನ ಹೇಗಾದ್ರೂ ಮನೆಗೆ ಸೇರಿಸು, ಈ ಅಯೋಗ್ಯನ ಕೈಗೆ ಸಿಕ್ಕಿಹಾಕ್ಕೊಂಡಿದಾಳೆ ಅಂತ," ಅಂದಳು.

"ಗಂಟಲಿಗೆ ಏನೂ ಬೇಡ್ಕೊಳ್ಳಲಿಲ್ವಾ ಅತ್ತೆ?"

ಅತ್ತೆ ನನ್ನನ್ನು ನೋಡಿದಳು. ಆ ಪ್ರಶ್ನೆ ಆವರೆಗೆ ಅವಳಿಗೇ ಬಂದಿರಲಿಲ್ಲವೆಂದು ಕಾಣುತ್ತದೆ.

"ಗಂಟಲಾ?" ಅಂದಳು. "ಮರ್ತೇಹೋಯ್ತು ಕಣೋ."